ನಾಲ್ಕೇ ಚುಕ್ಕಿ

ನಮ್ಮ ಸಂಜೆ ಪತ್ರಿಕೆಯ ಪ್ರೆಸ್ಸಿನಲ್ಲಿ
ಚುಕ್ಕಿಗಳಿದ್ದದ್ದು ನಾಲ್ಕೇ.
ಸೀಸದವು. ಜೋಳದ ಕಾಳಿನಷ್ಟು.
ಬ್ರಹ್ಮಪುರದ ಓಣಿ, ಫರ್ಸಿ ಹಾಸಿದ ಕೋಣೆ.
ಮೊಳೆ ಜೋಡಿಸುವ ಲಾಡ್ಲೇಸಾಬ
ಮೊದಲ ಶುಕ್ರವಾರವೇ ಹೇಳಿಬಿಟ್ಟಿದ್ದ:
"ನೋಡ್ರಿ ಸರ, ಪಿಚ್ಚರ್ ಎಷ್ಟರೆ ಛಲೋ ಇರಲಿ,
ನಾಕರ ಮ್ಯಾಲ ಕೇಳಬ್ಯಾಡ್ರಿ.
ಎರಡು ಬಂದ್ರ ಅದರಾಗೇ ಹಂಚ್ರಿ."

ಹಂಚಿದೆ, ಒಂಬತ್ತು ವರ್ಷ.
ಕಲಬುರಗಿಗೆ ಎಲ್ಲ ಸೀಮೆಯವೂ ಬರುತ್ತಿದ್ದವು:
ಹೈದರಾಬಾದಿನಿಂದ ತೆಲುಗು,
ಸೊಲ್ಲಾಪುರದ ರೈಲಿನಲ್ಲಿ ಹಿಂದಿ, ಮರಾಠಿ,
ಬೆಂಗಳೂರಲ್ಲಿ ಓಡಿ ಓಡಿ ರೀಲು ಗೀರುಬಿದ್ದು
ಉದ್ದಕ್ಕೂ ಮಳೆ ಸುರಿಸುವ ಕನ್ನಡ.
ಅಷ್ಟೊಂದು ಮಳೆ ನಮ್ಮೂರಲ್ಲಿ
ನಾನು ಪರದೆಯ ಮೇಲೆಯೇ ಕಂಡದ್ದು.

ಒಂದು ವಾರ ದೆವ್ವದ್ದೂ ದೇವರದ್ದೂ ಒಟ್ಟಿಗೆ ಬಂದವು.
ದೆವ್ವ ಚೆನ್ನಾಗಿ ನಟಿಸಿತ್ತು. ಮೂರು ಕೊಟ್ಟೆ.
ದೇವರಿಗೆ ಉಳಿದದ್ದು ಒಂದು.
ಶಹಾಬಜಾರಿನಿಂದ ನಾಲ್ವರು ಹಿರಿಯರು ಬಂದು ಕೂತು
ಚಹಾ ಕುಡಿದು, ಏನೂ ಬೈಯದೆ ಎದ್ದುಹೋದರು.
ಅದೇ ಭಾರವಾಯಿತು.

ಮತ್ತೊಂದು ವಾರ ಕುದುರೆ, ಬಂದೂಕು, ಕಣಿವೆ.
ಅದಕ್ಕೆ ಮೂರು ಬರೆದು, ಬದಿಯ ಟಾಕೀಸಿನ
ಕಿವುಡ ಸಿಂಪಿಗನ ಕಥೆಗೆ ಮಿಕ್ಕಿದ್ದನ್ನು ಒಗೆದೆ.
ಮೂರೇ ದಿನಕ್ಕೆ ಡಬ್ಬಿ ಎತ್ತಿಕೊಂಡು ಹೋದರು.
ಬಹಳ ವರ್ಷದ ಮೇಲೆ, ಟೀವಿಯಲ್ಲಿ, ಸರಿರಾತ್ರಿ,
ಅದನ್ನೇ ಮತ್ತೆ ನೋಡಿದೆ.
ಸಿಂಪಿಗ ಸೂಜಿಗೆ ದಾರ ಪೋಣಿಸುತ್ತಾನೆ,
ಪೂರ್ತಿ ಎರಡು ನಿಮಿಷ.
ನೀರು ಕುಡಿಯಲು ಎದ್ದವನು
ಕೊಡದ ಹತ್ತಿರವೇ ನಿಂತುಬಿಟ್ಟೆ.
'ನಿಧಾನ' ಎಂದು ಬರೆದಿದ್ದೆ ಆಗ. ಒಂದೇ ಶಬ್ದ.
ಅವಸರ ನನ್ನದಿತ್ತು,
ನಾಲ್ಕು ಗಂಟೆಗೆ ಅಚ್ಚಿಗೆ ಕೊಡಬೇಕಿತ್ತು.

ಸೈಕಲ್ ಸ್ಟ್ಯಾಂಡಿನ ಕಾಶಮ್ಮಳಿಗೆ
ಚುಕ್ಕಿಯ ಗೊಡವೆ ಇರಲಿಲ್ಲ.
ಮಧ್ಯಂತರಕ್ಕೆ ಹೊರಬಿದ್ದ ಸೈಕಲ್ಲು ಎಷ್ಟು,
ಅಷ್ಟೇ ಅವಳ ವಿಮರ್ಶೆ.
"ಇವತ್ತ ಹದಿನಾಕು ಹೋದವ್ರಿ.
ಎಪ್ರಿಲ್ ಮಾತು ಬ್ಯಾರೆ,
ಕೂಲರ್ ಸಲುವಾಗಿ ಕುಂದರ್ತಾರ,
ಎಂಥಾದಿದ್ರೂ ಕುಂದರ್ತಾರ."
ಅದನ್ನು ಕದ್ದು ಅನೇಕ ಸಲ ಬರೆದಿದ್ದೇನೆ,
'ಪ್ರೇಕ್ಷಕರ ಅಭಿಪ್ರಾಯ' ಎಂದು.

ಐದು ಬೇಕಾದದ್ದು ಒಮ್ಮೆ.
ಬೆಳಗಿನ ಆಟ, ಹನ್ನೊಂದು ಜನ,
ಉಪ್ಪಿನ ಗಾಡಿ ಹೊಡೆಯುವ ಮುದುಕಿಯ ಚಿತ್ರ.
ಹೊರಗೆ ಬಂದರೆ ನಮ್ಮ ಬಿಸಿಲು ಕೂಡ
ಯಾರೋ ಯೋಚಿಸಿ ಇಟ್ಟಂತಿತ್ತು.
ಓಡಿದೆ. "ಐದನೇದು ಎಲ್ಲಾದರೂ ಹುಡುಕು ಮಾರಾಯ."
ಲಾಡ್ಲೇಸಾಬ ನಕ್ಕು ಕೊನೆಯ ಪುಟದ ಚೌಕಟ್ಟು ತೋರಿಸಿದ:
ಸ್ಟೇಷನ್ ರಸ್ತೆಯ ಲಾಡ್ಜಿನ ಜಾಹೀರಾತು,
ಅದರ ನೆತ್ತಿಯ ಮೇಲೆ ಐದನೇ ಚುಕ್ಕಿ.
ಒಂಬತ್ತು ವರ್ಷ, ದಿನಾ,
ನನ್ನ ಪತ್ರಿಕೆಯಲ್ಲೇ.
"ಲಾಡ್ಜಿನಂವ ತಿಂಗಳಾ ರೊಕ್ಕ ಕೊಡ್ತಾನ್ರಿ.
ನಿಮ್ಮ ಮುದುಕಿ ಏನು ಕೊಡ್ತಾಳ?"

ಕೊನೆಗೆ ಲಗ್ನಪತ್ರಿಕೆಯ ಖಾನೆಯಿಂದ
ಹೂವಿನ ಮೊಳೆಯೊಂದನ್ನು ತೆಗೆದು ಕೂರಿಸಿದ.
ನಾಲ್ಕು ಚುಕ್ಕಿ, ಒಂದು ಹೂವು.
ಮರುದಿನ ಟಾಕೀಸು ತುಂಬಿತು.
ಮದುವೆಯ ಕಥೆ ಎಂದುಕೊಂಡಿದ್ದರು ಮಂದಿ,
ರೇಷ್ಮೆ ಉಟ್ಟು ಬಂದವರೂ ಇದ್ದರು.
ಮಧ್ಯಂತರಕ್ಕೆ ಕಾಶಮ್ಮ ಎಣಿಸುವುದನ್ನೇ ಬಿಟ್ಟಳು.
"ಆದ್ರ ಒಬ್ಬಾಕಿ, ರೇಷ್ಮಿ ಸೀರ್ಯಾಕಿ,
ಆಟ ಮುಗದ ಮ್ಯಾಲೂ ಪಾವಟಿಗಿ ಮ್ಯಾಲ ಕುಂತಿದ್ಲು.
ಗಂಡ ಕರದ್ರೂ ಏಳಲಿಲ್ರಿ."

ಪ್ರೆಸ್ಸು ಮುಚ್ಚಿದಾಗ ಮೊಳೆಗಳನ್ನು ತೂಕಕ್ಕೆ ಹಾಕಿದರು.
ನಾಲ್ಕನ್ನು ತಂಬಾಕಿನ ಡಬ್ಬಿಯಲ್ಲಿ ಹಾಕಿ
ನನ್ನ ಕೈಗಿಟ್ಟ ಲಾಡ್ಲೇಸಾಬ.
"ಅಕ್ಷರ ಎಲ್ಲಾ ಉಲ್ಟಾ ಇರ್ತಾವ, ಅಚ್ಚಾದ ಮ್ಯಾಲ ಸೀದಾ.
ಚುಕ್ಕಿ ಮಾತ್ರ ಆ ಕಡಿಗೂ ಹಂಗೇ, ಈ ಕಡಿಗೂ ಹಂಗೇ.
ಅದಕ್ಕ ಅದನ್ನ ಭಾಳ ನಂಬಬ್ಯಾಡ್ರಿ."

ಈಗ ಮೊಮ್ಮಗಳು ಫೋನಿನ ಮೇಲೆ ಬೆರಳಾಡಿಸಿ
ಐದನ್ನೂ ಒಮ್ಮೆಲೇ ಬೆಳಗಿಸುತ್ತಾಳೆ,
ಚಿತ್ರ ಇನ್ನೂ ಮುಗಿದಿರುವುದಿಲ್ಲ.
ನಾನು ಡಬ್ಬಿ ಅಲ್ಲಾಡಿಸಿ ನೋಡುತ್ತೇನೆ.
ಸಿಂಪಿಗನದು ಮೂರು ಬಾಕಿ ಇದೆ.
ದೇವರದ್ದು ಒಂದೇ ಸರಿ ಇತ್ತು.