ನಲವತ್ತೊಂದನೆಯ ಸಲ

ಮಂಗಳವಾರ. ಲಿಮೋಜಿನಲ್ಲಿ ಮಂಜು.
ಟೆರ್ಸ್ಯಾಕನ ಹದಿಮೂರು ಚಿತ್ರಗಳ ವಾರ;
ಐದನೆಯದಕ್ಕೆ ನಾನು ಹರಿದದ್ದು ಒಂಬತ್ತೇ ಟಿಕೇಟು,
ಒಂದು ಮದಾಮ್ ಲಾವೆರ್ನ್ ಅವರದು.
ಮುನ್ನೂರು ಕುರ್ಚಿ. ಅವರು ಕೂತದ್ದು ಬಾಗಿಲ ಪಕ್ಕ,
ಕೋಟು ಬಿಚ್ಚದೆ,
ಬಸ್ಸಿಗೆ ಕಾಯುವವರ ಹಾಗೆ.

ಗೋಡೆಯ ಪೋಸ್ಟರಿನಲ್ಲಿತ್ತು:
'ಅಳದ ಕಣ್ಣುಗಳ ಮಹಾಕವಿ.'
ಕನ್ನಡಕ ಏರಿಸಿ ಓದಿ ಅಂದಿದ್ದರು:
ಕಣ್ಣು ಎಲ್ಲಿಂದ ಬಂತು?
ಆತ ತೆಗೆದದ್ದು ನನ್ನ ಕೈ ಮಾತ್ರ.

ಪಿಂಗಾಣಿ ಕಾರ್ಖಾನೆ, ಅರವತ್ತೆರಡನೆಯ ಇಸವಿ.
ಹತ್ತೊಂಬತ್ತರ ಹುಡುಗಿಯ ಕೆಲಸ
ಬಟ್ಟಲಿಗೆ ಬೆರಳಲ್ಲಿ ತಟ್ಟುವುದು, ಕಿವಿಗೊಡುವುದು;
ಗಟ್ಟಿಯದು ಬಲಕ್ಕೆ, ಬಿರುಕಿನದು ಎಡಕ್ಕೆ.
ಬೂದು ಕೋಟಿನವನೊಬ್ಬ ಇಡೀ ದಿನ ನಿಂತು ನೋಡಿದನಂತೆ.
ಸಂಜೆ ಕೇಳಿದನಂತೆ: ನಟನೆ ಬರುತ್ತದೆಯೆ?
ಇಲ್ಲ.
ಸದ್ಯ.

ಆಮೇಲೆ ಒಂದು ಅಡುಗೆಮನೆ, ಒಂದು ಮೇಜು.
ಬಟ್ಟಲು ಎತ್ತು, ಇಡು. ಮತ್ತೆ.
ಹನ್ನೆರಡನೆಯ ಸಲಕ್ಕೆ ಬೇಸರ,
ಇಪ್ಪತ್ತಾರಕ್ಕೆ ಸಿಟ್ಟು,
ಮೂವತ್ತೆಂಟಕ್ಕೆ ಅಳು ಬಂತು. ಹಿಂದಿನ ವಾರವಷ್ಟೇ
ಅಮ್ಮನನ್ನು ಮಣ್ಣು ಮಾಡಿ ಬಂದಿದ್ದರು.
ಮುಖ ನಿಮ್ಮದು, ನೀವೇ ಇಟ್ಟುಕೊಳ್ಳಿ, ಅಂದನಂತೆ,
ನನಗೆ ಬಟ್ಟಲು ಸಾಕು.
ನಲವತ್ತೊಂದರಲ್ಲಿ ಕೈಗೆ ಏನೂ ಗೊತ್ತಿರಲಿಲ್ಲ.
ಅದನ್ನೇ ಉಳಿಸಿಕೊಂಡ.

ಮುಗಿದ ಚಿತ್ರ ಅವರು ನೋಡಿರಲಿಲ್ಲ.
ಮದುವೆ, ರಾತ್ರಿ ಪಾಳಿ, ಎರಡು ಮಕ್ಕಳು, ಗಂಡನ ಕೆಮ್ಮು.
ಸಿನಿಮಾಕ್ಕೆ ಹೋದರೆ ನಗುವುದಕ್ಕೆ ಹೋಗಬೇಕು, ಅಲ್ಲವೆ?

ಇವತ್ತು ನಾನು ಹಿಂದೆ ನಿಂತಿದ್ದೆ, ಟಾರ್ಚು ಆರಿಸಿ.
ಪರದೆಯಲ್ಲಿ ಬಾಗಿಲು. ಬಹಳ ಹೊತ್ತು ಬಾಗಿಲು.
(ಈತನ ಬಾಗಿಲುಗಳಿಗೆ ಸಂಬಳ ಕೊಡಬೇಕಿತ್ತು.)
ಆಮೇಲೆ ಕೈ,
ಉಗುರಿನ ಸಂದಿಯ ಬಿಳಿ ಮಣ್ಣು ಕೂಡ ಹಾಗೇ.
ಬಟ್ಟಲು ಮೇಜು ಮುಟ್ಟಿತು.

ಬಾಗಿಲ ಪಕ್ಕದ ಕುರ್ಚಿ ಕಿರ್ ಅಂದಿತು.
ಹೊರಗೆ ಬಂದವರ ಮುಖವನ್ನು
ನಾನು ವರ್ಣಿಸುವುದಿಲ್ಲ;
ಐದು ಚಿತ್ರ ನೋಡಿ ಅಷ್ಟಾದರೂ ಕಲಿತಿದ್ದೇನೆ.

ಅದು ನಾನು ಇಟ್ಟ ಬಟ್ಟಲಿನ ಸದ್ದಲ್ಲ, ಅಂದರು.
ನಾನು ಇಟ್ಟದ್ದು ಗಟ್ಟಿಯದು, ನಾನೇ ತಟ್ಟಿ ಆರಿಸಿದ್ದು.
ಕೇಳಿಸಿತೆ ನಿಮಗೆ? ಈ ದನಿ ಒಡಕು.
ಎಡಗಡೆಯ ರಾಶಿಯದು.
ಯಾವಾಗ ಎತ್ತಿಕೊಂಡು ಹೋದನೋ,
ಯಾವ ಕೋಣೆಯಲ್ಲಿ ಒಬ್ಬನೇ ಕೂತು
ಎತ್ತಿ ಇಟ್ಟನೋ, ಎಷ್ಟು ಸಲವೋ.

ಗುರುವಾರ ಇದೇ ಚಿತ್ರ ಮತ್ತೆ ಇದೆಯಂತೆ, ಟಿಕೇಟು ಸಿಗುತ್ತದೆಯೆ?
ಸಿಗುತ್ತದೆ ಎಂದೆ. ಬೇಕಾದ ಕುರ್ಚಿ ಸಿಗುತ್ತದೆ.
ಪರ್ಸು ಬಿಚ್ಚಿ ಚಿಲ್ಲರೆಯನ್ನು
ಕಲ್ಲಿನ ಕಟ್ಟೆಯ ಮೇಲೆ
ಒಂದೊಂದಾಗಿ ಇಟ್ಟರು,
ಕಿವಿ ಕೊಂಚ ವಾಲಿಸಿ.