ರಾತ್ರಿ ಮೂರರ ಲೆಕ್ಕ

ನೆವುಕೆನ್ ಪಟ್ಟಣ ದಾಟಿ ನಾಲ್ಕು ತಾಸು.
ಮರ ಅಂತ ಒಂದಿಲ್ಲ, ಗಾಳಿ ಮಾತ್ರ.
ಅಲ್ಲಿ ಕೊಳವೆಯ ಗ್ಯಾಸನ್ನು ಮುಂದಕ್ಕೆ ದಬ್ಬುತ್ತ
ಅದೇ ಗ್ಯಾಸಿನಲ್ಲಿ ಒಂದು ತುತ್ತು ಕದ್ದುಂಡು ಬದುಕುವ
ಹದಿನಾರು ಸಿಲಿಂಡರಿನ ಎಂಜಿನ್ನು.

ಹನ್ನೊಂದು ವರ್ಷದ ದಾಖಲೆ ತರಿಸಿಕೊಂಡೆ:
ಒತ್ತಡ, ಗ್ಯಾಸಿನ ಹದ, ಹೊರಗಿನ ಚಳಿ,
ಕಿಡಿ ಹಾರುವ ಗಳಿಗೆ,
ಒಂದೊಂದು ಸಿಲಿಂಡರು ಬಿಟ್ಟ ಹೊಗೆಯ ಬಿಸಿ.
ರಾತ್ರಿಪಾಳಿಯದು ನೀಲಿ ಶಾಯಿಯಲ್ಲಿ,
ಸೊಂಟಕ್ಕೆ ಗೀಟೆಳೆದ ಏಳುಗಳು,
ಕೈಬರಹ ಎವಾರಿಸ್ತೋ ಕಾಯೂಪಾನನದು.
ಎಲ್ಲ ಟೈಪಿಸಿ ಮಾಡೆಲ್ಲಿಗೆ ಉಣ್ಣಿಸಿದೆ.
ಮೂರು ವಾರ ಕಲಿಯಿತು.

ಹಗಲಿನ ಲೆಕ್ಕದಲ್ಲಿ ತಡವರಿಸುತ್ತಿತ್ತು,
ಕಲಿಯುವವರೆಲ್ಲರ ಹಾಗೆ.
ರಾತ್ರಿ ಮೂರಕ್ಕೆ ಮಾತ್ರ, ಅಬ್ಬಾ,
ಒಂದು ಡಿಗ್ರಿ ಆಚೀಚೆ ಇಲ್ಲ.
ಸಿಲಿಂಡರ್ ಏಳು: ಐನೂರ ಹನ್ನೆರಡು.
ಜುಲೈಯ ಹಿಮದಲ್ಲೂ, ಜನವರಿಯ ಕಾವಿನಲ್ಲೂ.
ಮೇಲಿನವರಿಗೆ ಖುಷಿ.
ನನ್ನ ತಲೆಯಲ್ಲಿ ಹುಳ ಕೊರೆಯಿತು:
ಇಷ್ಟು ಸಾಧು ಬೆಂಕಿಯನ್ನು ನಾನೆಲ್ಲೂ ಕಂಡಿಲ್ಲ.

ಕೇಳಿದೆ. ಸೋರೆಬುರುಡೆಯ ಮಾಟೆ ಹೀರುತ್ತ ನಕ್ಕ.
"ಆ ಹೊತ್ತಿಗೆ, ಆ ಗಾಳಿಗೆ
ಶೆಡ್ಡಿನ ತನಕ ಯಾರು ಹೋಗುತ್ತಾರೆ, ಮಗಳೇ?
ಇಲ್ಲಿಂದಲೇ ಕೇಳುತ್ತೇನೆ.
ಸದ್ದು ಸರಿಯಿದ್ದರೆ ಐನೂರ ಹನ್ನೆರಡು."

ಹನ್ನೊಂದು ವರ್ಷದ ಬೆಂಕಿ ಎಂದು
ನಾನು ಉಣ್ಣಿಸಿದ್ದು ಒಂದು ಕುರ್ಚಿಯನ್ನು.
ಗಿಣಿಪಾಠ ಒಪ್ಪಿಸುತ್ತಿತ್ತು ಮಾಡೆಲ್ಲು,
ಕಾಗುಣಿತ ಕೂಡ ತಪ್ಪದೆ.

ಸೆನ್ಸರ್ ಹಾಕಿಸಿದೆ. ಮೊದಲ ರಾತ್ರಿ, ಮೂರಕ್ಕೆ,
ಪರದೆಯ ಮೇಲೆ ಐನೂರ ಹನ್ನೊಂದು.
ಅವನು ನನ್ನ ಕಡೆ ತಿರುಗಲೂ ಇಲ್ಲ.
ಬುರುಡೆಗೆ ಬಿಸಿನೀರು ಸುರಿದ,
ಬಹಳ, ಬಹಳ ನಿಧಾನವಾಗಿ.

ಒಂಬತ್ತನೆಯ ರಾತ್ರಿ ಐನೂರ ಅರವತ್ತು.
ಮಾಡೆಲ್ಲು ಹೇಳಿತು: ಹನ್ನೆರಡು.
ಕಣ್ಣು ಮುಚ್ಚಿ, ಕಿವಿಗೊಟ್ಟು, ಅವನೂ: ಹನ್ನೆರಡು.
ಅರವತ್ತೆರಡು. ಅರವತ್ತೈದು.
ಎಲ್ಲೋ ಒಂದು ವಾಲ್ವು ಸುಡುತ್ತಿತ್ತು
ಯಾರ ಕಿವಿಗೂ ಬೀಳದ ಹಾಗೆ.

ಎದ್ದ. ಕೋಟಿನ ಗುಂಡಿ ಹಾಕಲು ಹೊತ್ತು ಹಿಡಿಯಿತು.
ಬಾಗಿಲು ತೆರೆದದ್ದೇ, ಮೇಜಿನ ಮೇಲಿನ ದಾಖಲೆ ಪುಸ್ತಕ
ತಾನೇ ಹಾಳೆ ಮಗುಚತೊಡಗಿತು.
ಟಾರ್ಚನ್ನು ನನ್ನ ಕೈಗೆ ತುರುಕಿ
"ನೀನೇ ಮುಂದೆ ನಡಿ" ಅಂದ.
"ಶೆಡ್ಡಿನ ದೀಪದ ಸ್ವಿಚ್ಚು
ಯಾವ ಕಡೆಗಿದೆಯೋ, ಮರೆತಿದೆ."