ಬಂಗುಡೆಯ ಕಿವಿ

ಬೆನ್ನ ಮೇಲೆ ಕಪ್ಪು ಗೆರೆಗಳಿದ್ದದ್ದಕ್ಕೆ
ಬಂಗುಡೆ ಎಂದೇ ಕರೆದೆವು.
ಎರಡು ವರುಷಕ್ಕೆ ಐದು ಸೂಲು.
ಮೊದಲನೆಯದು ನನ್ನ ಬೀಡಿ ತಡ್ಪೆಯಲ್ಲಿ,
ಎಲೆಯೆಲ್ಲ ಹಾಳು;
ಕೊನೆಯದು ಅಟ್ಟದ ಹಳೇ ಬಲೆಯೊಳಗೆ.

ಪ್ರತಿ ಸಲ, ಮರಿ ಕಣ್ಣು ಬಿಡುವ ಮೊದಲೇ,
ಅತ್ತೆ ಗೋಣಿಚೀಲ ಕೊಡುತ್ತಿದ್ದರು:
"ಧಕ್ಕೆಯಲ್ಲಿ ಬಿಟ್ಟು ಬಾ,
ಮೀನು ತಿಂದು ಬದುಕ್ತವೆ."
ಮೀನು ತಿನ್ನಲು ಹಲ್ಲು ಬೇಕು.
ನಾನು ತಿರುಗಿ ನೋಡದೆ ಬರುತ್ತಿದ್ದೆ.
ಇಲ್ಲಿ ಬಂಗುಡೆ ಮೂರು ದಿನ
ಅಕ್ಕಿ ಡಬ್ಬದ ಹಿಂದೆ, ಚಪ್ಪಲಿಗಳ ಸಂದಿಯಲ್ಲಿ
ಹುಡುಕುತ್ತಿದ್ದಳು,
ಮೊಲೆ ಕಲ್ಲಾಗಿ.

ಈ ಸಲ ಐಸ್ ಪೆಟ್ಟಿಗೆಗೆ ತೂತು ಕೊರೆದು
ರಿಕ್ಷಾ ಹತ್ತಿಸಿದೆ.
ದೂಮಣ್ಣ ಕನ್ನಡಿಯಲ್ಲೇ ಕೇಳಿದ:
"ಪಾಪ ಅಲ್ವಾ ಅಕ್ಕ, ಬಾಯಿಲ್ಲದ ಜೀವಕ್ಕೆ?"

ಮೂರನೇ ಹೆರಿಗೆಯ ಮರುದಿನ
ಲೇಡಿಗೋಷನ್ನಿನಲ್ಲಿ ನನಗೂ ಅದೇ ಆಪರೇಷನ್.
ಆಗ ಯಾರೂ ಪಾಪ ಎನ್ನಲಿಲ್ಲ.
ಬಾಯಿತ್ತು ನನಗೆ;
ಸಹಿ ಅವರು ಹಾಕಿದ್ದರು.

ಹೊಟ್ಟೆಯಲ್ಲಿ ಬೆರಳುದ್ದದ ಹೊಲಿಗೆ.
ಎಡಗಿವಿಯ ತುದಿ ಒಂದು ಚೂರು ಇಲ್ಲ.
"ಗುರುತಿಗೆ," ಎಂದರು ಡಾಕ್ಟರಮ್ಮ,
"ಇನ್ನೊಮ್ಮೆ ಯಾರೂ ಹಿಡಿದು ಕೊಯ್ಯದ ಹಾಗೆ."

ಈಗ ಮೈ ತುಂಬಿಕೊಂಡಿದ್ದಾಳೆ.
ರಾತ್ರಿ ಹಂಚಿನ ಮೇಲೆ ಗಂಡುಬೆಕ್ಕು
ಎಷ್ಟೇ ಗೋಳಿಟ್ಟರೂ
ಮುಕ್ಕಾಲು ಕಿವಿ ಎತ್ತಿ, ಕೇಳಿ,
ಮತ್ತೆ ಸುರುಳಿ.
ಅತ್ತೆಯೇ, ಏನೂ ಹೇಳದೆ,
ಆ ಗೋಣಿಚೀಲ ಒಗೆದು
ಅವಳಿಗೆ ಹಾಸಿದರು.

ಧಕ್ಕೆಗೆ ಈಗಲೂ ಹೋಗುತ್ತೇನೆ, ಮೀನಿಗೆ.
ಐಸ್ ಪುಡಿ ಮಾಡುವ ಆ ಮೂಲೆ ಬಂದಾಗ
ತಿರುಗಿ ನೋಡುವುದಿಲ್ಲ.